ಚರಣ್‌ಜಿತ್ ಸಿಂಗ್ ಅವರ ಹತ್ತು ರಾಗಗಳ ಆಲ್ಬಂ: ಅದನ್ನು ರಾಗವಾಗಿ ಕೇಳಿದವರು ಯಾರು?

ಪ್ರಶ್ನೆ: ಬದಿಯಡ್ಕದ ಕೇಳುಗ

ಎಲ್ಲರಿಗೂ ನಮಸ್ಕಾರ.

ನಮ್ಮ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಸಂಗೀತ ಆಲಿಸುವ ಕೂಟ ನಡೆಯುತ್ತದೆ. ಬರುವವರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ ಕಲಿತವರು, ಇಲ್ಲವೇ ಚಿಕ್ಕಂದಿನಿಂದ ಯಕ್ಷಗಾನದ ಭಾಗವತಿಕೆಯನ್ನು ಕೇಳುತ್ತ ಬೆಳೆದವರು. ಎಲೆಕ್ಟ್ರಾನಿಕ್ ಸಂಗೀತದ ಪರಿಚಯವಿರುವವರು ಬೆರಳೆಣಿಕೆಯಷ್ಟು ಯುವಕರು ಮಾತ್ರ. ಮುಂದಿನ ಕೂಟದಲ್ಲಿ ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಆಲ್ಬಮನ್ನು ಕೇಳಿಸಿ ಅದರ ಬಗ್ಗೆ ಮಾತನಾಡುವ ಹೊಣೆ ನನ್ನ ಮೇಲಿದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಚರಣ್‌ಜಿತ್ ಸಿಂಗ್ ಮುಂಬಯಿಯ ಹಿಂದಿ ಚಲನಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದ ಕಲಾವಿದರು. 1982ರಲ್ಲಿ ಅವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು, ಅಂದರೆ ಜುಪಿಟರ್-8 ಎಂಬ ಸಿಂಥಸೈಸರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಲಿಯ ವಾದ್ಯ), ಟಿಬಿ-303 ಎಂಬ ಬೇಸ್ (ಮಂದ್ರ ಸ್ವರದ) ಯಂತ್ರ ಮತ್ತು ಟಿಆರ್-808 ಎಂಬ ಡ್ರಮ್ ಮಷೀನನ್ನು ಇಟ್ಟುಕೊಂಡು ಹತ್ತು ಹಿಂದೂಸ್ಥಾನಿ ರಾಗಗಳನ್ನು ಡಿಸ್ಕೋ ಲಯದಲ್ಲಿ ಒಬ್ಬರೇ ನುಡಿಸಿದರು. ಎಚ್‌ಎಂವಿ ಕಂಪನಿ ಅದನ್ನು ಎಲ್‌ಪಿಯಾಗಿ, ಅಂದರೆ ಗ್ರಾಮೊಫೋನ್ ತಟ್ಟೆಯಾಗಿ, ಹೊರತಂದಿತು. ಅದು ಮಾರಾಟವಾಗಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 2002ರಲ್ಲಿ, ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಅದರ ಪ್ರತಿಯೊಂದು ಸಿಕ್ಕಿತು. ಅವರು 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಸಂಸ್ಥೆಯಿಂದ ಅದನ್ನು ಮರುಮುದ್ರಿಸಿದಾಗ ಯುರೋಪಿನ ಪತ್ರಿಕೆಗಳೂ ಕೇಳುಗರೂ ಬೆರಗಾದರು. ಅಮೆರಿಕದ ಶಿಕಾಗೋದಲ್ಲಿ 1987ರಲ್ಲಿ ಹುಟ್ಟಿತೆಂದು ಎಲ್ಲರೂ ನಂಬಿದ್ದ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತದ ಧ್ವನಿ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಮೂಡಿತ್ತು ಎಂಬುದು ಆ ಬೆರಗಿಗೆ ಕಾರಣವಾಗಿತ್ತು.

ಈ ಆಲ್ಬಮಿನ ಬಗ್ಗೆ ಓದಿದಲ್ಲೆಲ್ಲ ನನಗೆ ಎರಡೇ ಮಾತುಗಳು ಸಿಕ್ಕಿವೆ. ತನ್ನ ಕಾಲದಲ್ಲಿ ಸೋತಿತು ಎಂಬುದು ಒಂದು, ಆಸಿಡ್ ಹೌಸಿಗೆ ಪೂರ್ವಜವಾಯಿತು ಎಂಬುದು ಇನ್ನೊಂದು. ಹೆಸರಿನಲ್ಲೇ ಹತ್ತು ರಾಗಗಳನ್ನು ಹೊತ್ತಿರುವ ಒಂದು ಕೃತಿಯಲ್ಲಿ ಆ ರಾಗಗಳು ಹೇಗೆ ಬಂದಿವೆ ಎಂದು ಯಾರೂ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಕೂಟದವರು ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಆದ್ದರಿಂದ ಸಂಗೀತ ಬಲ್ಲವರಲ್ಲಿಯೂ ಯಂತ್ರಗಳನ್ನು ಬಲ್ಲವರಲ್ಲಿಯೂ ನನ್ನ ವಿನಂತಿ ಇದು: ಇದನ್ನು ರಾಗವಾಗಿ ಕೇಳಲು ಸಾಧ್ಯವೇ? ಸಾಧ್ಯವಿದ್ದರೆ ಅಂದಿನ ನಮ್ಮ ದೇಶದ ಕೇಳುಗರು ಯಾಕೆ ಕೇಳಲಿಲ್ಲ?

ಉತ್ತರ: ನೀರ್ಚಾಲಿನ ಟೀಚರ್

ನಾನು ಕರ್ನಾಟಕ ಸಂಗೀತದ ಪಾಠ ಹೇಳುವವಳು. ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ಇಡೀ ಆಲ್ಬಮನ್ನು ಗಮನವಿಟ್ಟು ಕೇಳಿ ಈ ಉತ್ತರ ಬರೆಯುತ್ತಿದ್ದೇನೆ. ನಾನು ಪೂರ್ತಿಯಾಗಿ ಒಪ್ಪಿದ್ದೇನೆ ಎಂದು ಹೇಳಲಾರೆ. ಆದರೆ ಇದು ರಾಗದ ಹೆಸರನ್ನು ಅಲಂಕಾರಕ್ಕೆ ಬಳಸಿಕೊಂಡ ಕೆಲಸವಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು.

ನಿಮ್ಮ ಕೂಟದವರಿಗೆ ಮೊದಲು ಬೇಕಾಗುವುದು ಈ ಹತ್ತು ರಾಗಗಳಿಗೆ ನಮ್ಮ ಪದ್ಧತಿಯಲ್ಲಿ ಯಾವುದು ಹತ್ತಿರ ಎಂಬ ತಿಳಿವಳಿಕೆ. ಭೂಪಾಲಿಯ ಸ್ವರಗಳು ನಮ್ಮ ಮೋಹನದವು, ಮಾಲ್‌ಕೌಂಸ್‌ನದು ಹಿಂದೋಳ, ಕಲಾವತಿಯದು ವಲಚಿ, ಬೈರಾಗಿಯದು ರೇವತಿ. ಯಮನ್ ನಮ್ಮ ಕಲ್ಯಾಣಿಗೆ ಹತ್ತಿರ, ಮಧುವಂತಿ ಧರ್ಮವತಿಗೆ ಹತ್ತಿರ, ಮೇಘ ಮಲ್ಹಾರದಲ್ಲಿ ಮಧ್ಯಮಾವತಿಯ ಛಾಯೆ ಬಲವಾಗಿ ಕಾಣುತ್ತದೆ. ತೋಡಿ ಎಂದ ಕೂಡಲೇ ನಮ್ಮವರು ಹನುಮತೋಡಿಯನ್ನು ನಿರೀಕ್ಷಿಸುತ್ತಾರೆ. ಹಿಂದೂಸ್ಥಾನಿಯ ತೋಡಿಗೆ ನಮ್ಮಲ್ಲಿ ಸಮೀಪವಾದದ್ದು ಶುಭಪಂತುವರಾಳಿ, ಇದನ್ನು ಮುಂಚಿತವಾಗಿ ಹೇಳದಿದ್ದರೆ ಅರ್ಧ ಸಭೆ ಅಲ್ಲೇ ಗೊಂದಲಕ್ಕೆ ಬೀಳುತ್ತದೆ. ಹಾಗೆಯೇ ಹಿಂದೂಸ್ಥಾನಿ ಭೈರವಿಗೆ ಹತ್ತಿರವಾದದ್ದು ನಮ್ಮ ಭೈರವಿಯಲ್ಲ, ಸಿಂಧುಭೈರವಿ. ಲಲಿತ್ ಒಂದಕ್ಕೆ ಮಾತ್ರ ನಮ್ಮಲ್ಲಿ ಜೋಡಿ ಇಲ್ಲ, ಏಕೆಂದರೆ ಅದು ಎರಡು ಮಧ್ಯಮಗಳನ್ನು ಒಂದರ ಪಕ್ಕದಲ್ಲಿ ಒಂದಾಗಿ ಹಿಡಿಯುತ್ತದೆ, ಪಂಚಮವನ್ನು ಬಿಡುತ್ತದೆ.

ಇನ್ನು ಮುಖ್ಯ ವಿಷಯ. ರಾಗವೆಂದರೆ ಆರೋಹಣ ಅವರೋಹಣ ಮಾತ್ರವಲ್ಲ ಎಂದು ಪಾಠದ ಮೊದಲ ವರ್ಷದಲ್ಲೇ ಮಕ್ಕಳಿಗೆ ಹೇಳುತ್ತೇವೆ. ಯಾವ ಸ್ವರದಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ಯಾವುದನ್ನು ಕಂಪಿಸಬೇಕು ಎಂಬುದರಲ್ಲಿ ರಾಗದ ಜೀವವಿದೆ. ಸಿಂಥಸೈಸರಿನ ಕೀಲಿಗಳು ಸಮಾನ ಅಂತರದ ಹನ್ನೆರಡು ಸ್ವರಸ್ಥಾನಗಳಿಗೆ ಕಟ್ಟಿಬಿದ್ದಿರುತ್ತವೆ. ತೋಡಿಯ ಕೋಮಲ ಗಾಂಧಾರ ಇರಬೇಕಾದದ್ದು ಆ ಕೀಲಿಗಿಂತ ತುಸು ಕೆಳಗೆ, ಆದ್ದರಿಂದ ತೋಡಿಯ ಭಾಗ ನನಗೆ ಹಿತವಾಗಲಿಲ್ಲ. ಇದು ಹೊಸ ತಕರಾರೇನೂ ಅಲ್ಲ. ಇದೇ ಕಾರಣವನ್ನು ಮುಂದಿಟ್ಟು ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನೇ ದೂರವಿಟ್ಟಿದ್ದರು. ಆ ನಿಷೇಧ ಸಡಿಲವಾಗಿ ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಬಂದ ಆಲ್ಬಂ ಇದು. ಶಾಸ್ತ್ರೀಯ ಸಂಗೀತದ ವಲಯ ಒಂದು ಕೀಲಿಯ ವಾದ್ಯವನ್ನು, ಅದರಲ್ಲೂ ವಿದ್ಯುತ್ತಿನಿಂದ ನುಡಿಯುವುದನ್ನು, ಡಿಸ್ಕೋ ಲಯದ ಸಹಿತ ಸ್ವಾಗತಿಸುವುದು ಅಂದು ಅಸಾಧ್ಯವೇ ಆಗಿತ್ತು.

ಆದರೂ ಸಿಂಗ್ ಅವರು ಕೀಲಿಯ ಮಿತಿಯನ್ನು ಬಲ್ಲವರೆಂಬುದು ಕೇಳಿದಾಗ ತಿಳಿಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವನ್ನು ಅವರು ಸಿಂಥಸೈಸರಿನಲ್ಲಿ ಎಡೆಬಿಡದೆ ಬಳಸಿದ್ದಾರೆ. ಹಿಂದೂಸ್ಥಾನಿಯ ಮೀಂಡ್, ನಮ್ಮ ಜಾರು ಗಮಕ, ಇವೆರಡೂ ಅಲ್ಲಿ ಸ್ವಲ್ಪ ಮಟ್ಟಿಗೆ ದಕ್ಕಿವೆ. ದಕ್ಕದೇ ಹೋದದ್ದು ಕಂಪಿತ. ಆದ್ದರಿಂದಲೇ ಜಾರುವಿಕೆಯಿಂದ ಬಹುಪಾಲು ನಡೆಯುವ ರಾಗಗಳು, ಮುಖ್ಯವಾಗಿ ಮಾಲ್‌ಕೌಂಸ್ ಮತ್ತು ಭೂಪಾಲಿ, ಇಲ್ಲಿ ಚೆನ್ನಾಗಿ ಬಂದಿವೆ. ಹಿಂದೋಳ ಗೊತ್ತಿರುವ ಯಾರಿಗಾದರೂ ಆ ಮಾಲ್‌ಕೌಂಸ್ ಹತ್ತು ಸೆಕೆಂಡಿನಲ್ಲಿ ಗುರುತು ಸಿಗುತ್ತದೆ. ಐದು ಸ್ವರಗಳ ರಾಗಗಳು ನಾಲ್ಕಿರುವುದು, ಅಂದರೆ ಭೂಪಾಲಿ, ಕಲಾವತಿ, ಮಾಲ್‌ಕೌಂಸ್, ಬೈರಾಗಿ, ಕಾಕತಾಳೀಯವಲ್ಲವೆಂದು ನನಗನಿಸುತ್ತದೆ. ಸ್ವರಗಳ ನಡುವಿನ ಅಂತರ ದೊಡ್ಡದಾದಷ್ಟೂ ಯಂತ್ರದ ಓಟಕ್ಕೆ ದಾರಿ ಸಲೀಸು.

ನನ್ನ ನಿಜವಾದ ಆಕ್ಷೇಪ ತಾಳದ ಬಗ್ಗೆ. ಡಿಸ್ಕೋದಲ್ಲಿ ನಾಲ್ಕೂ ಎಣಿಕೆಗಳ ಮೇಲೆ ಒಂದೇ ತೂಕದ ಪೆಟ್ಟು ಬೀಳುತ್ತದೆ. ತೀನ್‌ತಾಳದ ಹದಿನಾರು ಮಾತ್ರೆಗಳಲ್ಲಿ ಸಮ್ (ಆವರ್ತನದ ಮೊದಲ ಪೆಟ್ಟು) ಎಲ್ಲಿ, ಖಾಲಿ (ಪೆಟ್ಟಿಲ್ಲದ ಜಾಗ) ಎಲ್ಲಿ ಎಂಬ ಏರಿಳಿತವೇ ರಾಗಕ್ಕೆ ಉಸಿರಾಡುವ ಜಾಗ ಕೊಡುತ್ತದೆ. ನಮ್ಮಲ್ಲಿ ಪೆಟ್ಟು ಮತ್ತು ಹುಸಿಯ ವ್ಯತ್ಯಾಸ ಅದೇ ಕೆಲಸ ಮಾಡುತ್ತದೆ. ಅದನ್ನು ಚಪ್ಪಟೆ ಮಾಡಿದಾಗ ವಾದಕ ಎಲ್ಲಿಗೆ ಮರಳಿ ಬರಬೇಕೆಂಬ ನಿರೀಕ್ಷೆಯೇ ಕೇಳುಗನಲ್ಲಿ ಹುಟ್ಟುವುದಿಲ್ಲ. ಹತ್ತೂ ರಾಗಗಳಿಗೆ ಹೆಚ್ಚುಕಡಿಮೆ ಒಂದೇ ನಡೆ ಇರುವುದರಿಂದ ಐದಾರು ರಾಗಗಳಾಗುವಾಗ ಕಿವಿ ದಣಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಆಲ್ಬಂ ಶುರುವಾಗುವುದು ಭೈರವಿಯಿಂದ. ಹಿಂದೂಸ್ಥಾನಿ ಕಛೇರಿಯನ್ನು ಸಾಮಾನ್ಯವಾಗಿ ಮುಗಿಸುವುದು ಭೈರವಿಯಲ್ಲಿ. ಕೊನೆಗೆ ಬರುವುದು ಬೈರಾಗಿ, ಅದು ಬೆಳಗಿನ ರಾಗ. ಹೊತ್ತಿಗೂ ಕಛೇರಿಯ ಕ್ರಮಕ್ಕೂ ಸಿಂಗ್ ಅವರು ಬದ್ಧರಾಗಲಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಅವರು ಕಟ್ಟಿದ್ದು ಧ್ವನಿಮುದ್ರಿಕೆಯನ್ನು, ಕಛೇರಿಯನ್ನಲ್ಲ. ಹಾಗೆಂದು ಒಪ್ಪಿಕೊಂಡು ಕೇಳಿದರೆ ಅನೇಕ ತಕರಾರುಗಳು ತಾವಾಗಿ ಕಡಿಮೆಯಾಗುತ್ತವೆ, ತಾಳದ್ದೊಂದನ್ನು ಬಿಟ್ಟು.

ಉತ್ತರ: ಕಾಸರಗೋಡಿನ ಧ್ವನಿಮುದ್ರಕ

ಟೀಚರ್ ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಪೇಟೆಯಲ್ಲಿ ಸಣ್ಣದೊಂದು ಸ್ಟುಡಿಯೋ ನಡೆಸುತ್ತೇನೆ, ಹೆಚ್ಚಾಗಿ ಭಕ್ತಿಗೀತೆಗಳನ್ನೂ ಯಕ್ಷಗಾನದ ಪದ್ಯಗಳನ್ನೂ ಮುದ್ರಿಸುತ್ತೇನೆ. ರಾಗದ ವಿಷಯದಲ್ಲಿ ಮಾತನಾಡುವ ಅರ್ಹತೆ ನನಗಿಲ್ಲ. ಯಂತ್ರಗಳ ಕಡೆಯಿಂದ ನೋಡಿದರೆ ಈ ಆಲ್ಬಂ ಯಾಕೆ ಹೀಗಿದೆ ಎಂಬುದಕ್ಕೆ ಕೆಲವು ಕಾರಣಗಳು ಸಿಗುತ್ತವೆ.

ಟಿಬಿ-303 ಎಂಬುದು ಸುಮಾರು ಒಂದಡಿ ಉದ್ದದ ಬೆಳ್ಳಿ ಬಣ್ಣದ ಪೆಟ್ಟಿಗೆ. ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಜೊತೆ ಒದಗಿಸಲೆಂದು ರೋಲ್ಯಾಂಡ್ ಅದನ್ನು ತಯಾರಿಸಿತು. ಅದರಲ್ಲಿ ಹದಿನಾರು ಹೆಜ್ಜೆಗಳ ಸೀಕ್ವೆನ್ಸರ್ ಇದೆ. ಪ್ರತಿ ಹೆಜ್ಜೆಗೂ ಒಂದು ಸ್ವರವನ್ನು ಮೊದಲೇ ಬರೆದಿಟ್ಟರೆ ಯಂತ್ರ ಅದನ್ನು ಮತ್ತೆ ಮತ್ತೆ ನುಡಿಸುತ್ತದೆ, ಯಾವ ಸ್ವರ ಒತ್ತಾಗಿ ಬರಬೇಕು ಮತ್ತು ಯಾವುದು ಮುಂದಿನದಕ್ಕೆ ಜಾರಬೇಕು ಎಂದೂ ಹೇಳಬಹುದು. ನಿಜವಾದ ಬೇಸ್ ಗಿಟಾರಿನಂತೆ ಅದು ಕೇಳಿಸುವುದೇ ಇಲ್ಲ. ಆದ್ದರಿಂದ ಕೊಂಡವರು ನಿರಾಶರಾದರು, ಸುಮಾರು ಹತ್ತು ಸಾವಿರ ಯಂತ್ರಗಳಾದ ಮೇಲೆ 1984ರಲ್ಲಿ ತಯಾರಿಕೆ ನಿಂತಿತು. ಟಿಆರ್-808 ಕೂಡ 1980ರಿಂದ 1983ರವರೆಗೆ ಮಾತ್ರ ತಯಾರಾದದ್ದು. ಜುಪಿಟರ್-8 ಬಂದದ್ದು 1981ರಲ್ಲಿ, ಒಮ್ಮೆಗೆ ಎಂಟು ಸ್ವರಗಳನ್ನು ನುಡಿಸಬಲ್ಲ ಬಹು ದುಬಾರಿ ವಾದ್ಯ ಅದು. ಮೂರನ್ನೂ ಒಂದೇ ಲಯದಲ್ಲಿ ಓಡುವಂತೆ ಪರಸ್ಪರ ಜೋಡಿಸಿ, ಬೇಸನ್ನೂ ತಾಳವನ್ನೂ ಯಂತ್ರಕ್ಕೆ ಒಪ್ಪಿಸಿ, ಮೇಲಿನ ರಾಗವನ್ನು ಮಾತ್ರ ಸಿಂಗ್ ಅವರು ಕೈಯಲ್ಲಿ ನುಡಿಸಿದರು.

ಟೀಚರ್ ಹೇಳಿದ ಒಂದೇ ನಡೆಯ ದಣಿವಿಗೆ ಮೂಲ ಇಲ್ಲಿದೆ. ಹದಿನಾರು ಹೆಜ್ಜೆಗಳ ಚೌಕಟ್ಟಿನಲ್ಲಿ ಏಳು ಎಣಿಕೆಯ ಮಿಶ್ರ ಛಾಪು ತಾಳವನ್ನು ಕೂರಿಸುವುದು ಆಗದ ಕೆಲಸವೇನಲ್ಲ, ಏಕೆಂದರೆ ಹೆಜ್ಜೆಗಳನ್ನು ಕಡಿಮೆ ಮಾಡಬಹುದು. ಆದರೆ ಆಲ್ಬಮಿನ ಹೆಸರೇ ಡಿಸ್ಕೋ ಲಯ ಎಂದಿರುವಾಗ ಆ ಪ್ರಶ್ನೆ ಏಳುವುದೇ ಇಲ್ಲ. ರಾಗಕ್ಕೆ ಸುಮಾರು ಐದು ನಿಮಿಷ ಮಾತ್ರ ಸಿಕ್ಕಿರುವುದಕ್ಕೂ ಸರಳವಾದ ಕಾರಣವಿದೆ. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ತುಂಬಿಸಿದರೆ ಧ್ವನಿ ಕುಗ್ಗುತ್ತದೆ. ಬದಿಗೆ ಐದು ರಾಗಗಳೆಂದು ಹಂಚಿದಾಗ ಆಲಾಪಕ್ಕೆ ಉಳಿಯುವುದು ಕೆಲವೇ ಕ್ಷಣಗಳು.

ಟೀಚರ್, ನಿಮ್ಮ ತಾಳದ ಆಕ್ಷೇಪವನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ನೀವು ಡ್ರಮ್ ಮಷೀನನ್ನು ತಬಲದ ಜಾಗದಲ್ಲಿ ಇಟ್ಟು ನೋಡಿದ್ದೀರಿ. ಅದನ್ನೂ ಅದರ ಕೆಳಗೆ ಓಡುವ 303ರ ಸ್ವರಗಳನ್ನೂ ಸೇರಿಸಿ ತಂಬೂರಿಯ ಜಾಗದಲ್ಲಿ ಇಟ್ಟು ಕೇಳಿ. ತಂಬೂರಿ ಯಾವತ್ತೂ ಬದಲಾಗುವುದಿಲ್ಲ, ಬದಲಾಗಬಾರದು. ಅದು ಬದಲಾಗದಿರುವುದರಿಂದಲೇ ಅದರ ಮೇಲಿನ ಸ್ವರದ ಚಲನೆ ನಮಗೆ ತಿಳಿಯುತ್ತದೆ. ಈ ಆಲ್ಬಮಿನಲ್ಲಿ ಲಯವೂ ಶ್ರುತಿಯಂತೆ ಸ್ಥಿರವಾಗಿದೆ ಎಂದು ಭಾವಿಸಿ ಕೇಳಿದಾಗ ನನಗೆ ಮೇಲಿನ ನುಡಿಸುವಿಕೆ ಬೇರೆಯದೇ ಆಗಿ ತೆರೆದುಕೊಂಡಿತು. ಆ ಕಾಲದಲ್ಲೇ ನಮ್ಮ ಬೆಂಗಳೂರಿನಲ್ಲಿ ಜಿ. ರಾಜ್‌ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದರು ಎಂಬುದನ್ನೂ ನೆನೆಯಬೇಕು. ಇಂದು ಅಂಥ ಪೆಟ್ಟಿಗೆ ಇಲ್ಲದ ಕಛೇರಿ ಅಪರೂಪ, ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರ ಪಕ್ಕದಲ್ಲಿಯೂ ಅದು ಇರುತ್ತದೆ. ವಿದ್ಯುತ್ತಿನ ಸ್ವರವನ್ನು ನಾವು ಪೂರ್ತಿಯಾಗಿ ನಿರಾಕರಿಸಿದವರಲ್ಲ. ಆಧಾರವಾಗಿ ಒಪ್ಪಿದೆವು, ಮುಂದೆ ನಿಂತು ಹಾಡಲು ಬಂದಾಗ ಒಪ್ಪಲಿಲ್ಲ.

ಬದಿಯಡ್ಕದ ಕೇಳುಗ

ಇಬ್ಬರಿಗೂ ತುಂಬಾ ಕೃತಜ್ಞನಾಗಿದ್ದೇನೆ. ಸ್ಥಿರವಾದ ಲಯವನ್ನು ಶ್ರುತಿಯಂತೆ ಕೇಳುವ ಸಲಹೆಯನ್ನು ನಿನ್ನೆ ರಾತ್ರಿಯೇ ಪ್ರಯತ್ನಿಸಿದೆ, ಲಲಿತ್‌ನಲ್ಲಿ ಅದು ಬಹಳ ಚೆನ್ನಾಗಿ ಅನುಭವಕ್ಕೆ ಬಂತು. ಎರಡು ಮಧ್ಯಮಗಳ ನಡುವೆ ಅವರು ಜಾರುವಾಗ ಕೆಳಗಿನ ಓಟ ಅಲುಗಾಡದೆ ಇರುವುದರಿಂದಲೇ ಆ ಸಣ್ಣ ಅಂತರ ಸ್ಪಷ್ಟವಾಗಿ ಕೇಳುತ್ತದೆ.

ನನ್ನ ಪ್ರಶ್ನೆಯ ಎರಡನೆಯ ಭಾಗ ಇನ್ನೂ ಉಳಿದಿದೆ. ಶಾಸ್ತ್ರೀಯ ವಲಯ ಒಪ್ಪದಿರಲು ಕಾರಣ ತಿಳಿಯಿತು. ಡಿಸ್ಕೋಗೆ ಕುಣಿಯುತ್ತಿದ್ದ ಯುವಜನರಾದರೂ ಯಾಕೆ ಕೊಳ್ಳಲಿಲ್ಲ? ಜೊತೆಗೆ ಇನ್ನೊಂದು ವಿಷಯ. 2010ರ ಮರುಮುದ್ರಣದ ಬಳಿಕ ಇದು ಹಳೆಯದಲ್ಲ, ಈ ಕಾಲದ ಯಾರೋ ಕೂತು ಸೃಷ್ಟಿಸಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದು ಅನುಮಾನಿಸಿದವರೂ ಇದ್ದರಂತೆ. ಬ್ರಿಟನ್ನಿನ ಏಫೆಕ್ಸ್ ಟ್ವಿನ್ ಎಂಬ ಸಂಗೀತಗಾರರ ಹೆಸರೂ ಆ ಅನುಮಾನದಲ್ಲಿ ಕೇಳಿಬಂದಿತ್ತು. ಕೂಟದ ಯುವಕರು ಇದನ್ನು ಖಂಡಿತ ಎತ್ತುತ್ತಾರೆ.

ಉತ್ತರ: ಮಂಜೇಶ್ವರದ ನಿವೃತ್ತ

ಎಂಬತ್ತರ ದಶಕದಲ್ಲಿ ನಾನು ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದೆ, ನಮ್ಮ ಕಡೆಯ ಬಹಳಷ್ಟು ಮಂದಿಯಂತೆ. ಕಾಲಾ ಘೋಡಾದ ರಿದಂ ಹೌಸ್ ಅಂಗಡಿಗೆ ಆಗಾಗ ಹೋಗುತ್ತಿದ್ದೆ. ಈ ಎಲ್‌ಪಿಯನ್ನು ಅಲ್ಲಿ ಕಂಡ ನೆನಪಿಲ್ಲ, ಕಂಡಿದ್ದರೂ ಕೊಳ್ಳುತ್ತಿರಲಿಲ್ಲ. ಯಾಕೆ ಕೊಳ್ಳುತ್ತಿರಲಿಲ್ಲ ಎಂಬುದನ್ನು ಹೇಳಿದರೆ ಕೇಳುಗರಿಗೆ ಬೇಕಾದ ಉತ್ತರ ಭಾಗಶಃ ಸಿಗಬಹುದು.

1980ರಲ್ಲಿ ‘ಕುರ್ಬಾನಿ’ ಚಿತ್ರ ಬಂದ ಮೇಲೆ ಮುಂಬಯಿಯಲ್ಲಿ ಡಿಸ್ಕೋ ಅಂದರೆ ಹಾಡು, ಹಾಡೆಂದರೆ ಚಿತ್ರಗೀತೆ. ಮಾತಿಲ್ಲದ, ನಾಯಕ ನಾಯಕಿಯರಿಲ್ಲದ ಡಿಸ್ಕೋವನ್ನು ಯಾರಿಗೆಂದು ಅಂಗಡಿಯವನು ತೋರಿಸಬೇಕು? ಚಿತ್ರಗೀತೆಗಳನ್ನು ವಾದ್ಯದಲ್ಲಿ ನುಡಿಸಿದ ಎಲ್‌ಪಿಗಳಿಗೆ ಗಿರಾಕಿಗಳಿದ್ದರು, ಸಿಂಗ್ ಅವರೇ ಅಂಥವನ್ನು ಮಾಡಿದ್ದರು. ಅವುಗಳಲ್ಲಿ ಗೊತ್ತಿರುವ ಹಾಡಿನ ಧಾಟಿ ಇರುತ್ತಿತ್ತು. ಇದರಲ್ಲಿ ಅದೂ ಇಲ್ಲ. ಶಾಸ್ತ್ರೀಯದ ಸಾಲಿನಲ್ಲಿ ಇಟ್ಟರೆ ಸಿತಾರ್ ಸರೋದ್ ಕೊಳ್ಳಲು ಬಂದವರು ಡಿಸ್ಕೋ ಎಂಬ ಹೆಸರು ಕಂಡು ಕೈ ಹಿಂದೆಗೆಯುತ್ತಿದ್ದರು. ಅಲ್ಲದೆ ಅದು ಎಲ್‌ಪಿಗಳ ಇಳಿಗಾಲ. ಕ್ಯಾಸೆಟ್ ಎಲ್ಲೆಡೆ ಹಬ್ಬುತ್ತಿತ್ತು. ಊರಿಗೆ ಬಂದಾಗ ನೋಡಿದರೆ, ಗಲ್ಫಿನಿಂದ ಬಂದವರು ತಂದ ಟೂ-ಇನ್-ವನ್ ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಲ್ಲಿ ಕಾಣುತ್ತಿತ್ತು, ತಾಳಮದ್ದಳೆಯ ಕ್ಯಾಸೆಟ್ಟುಗಳು ಅದರಲ್ಲಿ ಓಡುತ್ತಿದ್ದವು. ಎಲ್‌ಪಿ ತಿರುಗಿಸುವ ಯಂತ್ರವಿದ್ದ ಮನೆಗಳು ತೀರಾ ಕಡಿಮೆ. ರೇಡಿಯೋದ ಬೆಂಬಲವಿಲ್ಲದೆ, ಚಿತ್ರದ ಬೆಂಬಲವಿಲ್ಲದೆ ಒಂದು ಎಲ್‌ಪಿ ಊರೂರು ತಲುಪುವ ದಾರಿಯೇ ಇರಲಿಲ್ಲ.

ಇದಕ್ಕಿಂತ ಮುಖ್ಯವೆಂದು ನಾನು ತಿಳಿಯುವ ಇನ್ನೊಂದು ಕಾರಣವಿದೆ. ನಮ್ಮ ಸಂಗೀತಕ್ಕೆ ಹೊರಗಿನ ವಾದ್ಯಗಳು ಬಂದಾಗಲೆಲ್ಲ ಅವು ಗೆದ್ದದ್ದು ವೇದಿಕೆಯ ಮೇಲೆ. ನಮ್ಮ ಪಕ್ಕದ ಕದ್ರಿ ಗೋಪಾಲನಾಥರನ್ನೇ ನೋಡಿ. ಸ್ಯಾಕ್ಸೋಫೋನಿನಲ್ಲಿ ಗಮಕ ಬಾರದು ಎಂದು ಹೇಳಿದವರ ಮುಂದೆಯೇ ಅವರು ಮಂಗಳೂರಿನಲ್ಲಿ ಗುರುಮುಖೇನ ಕಲಿತು, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ತಿದ್ದಿಸಿಕೊಂಡು, ದೇವಸ್ಥಾನಗಳಲ್ಲಿ, ಸಭೆಗಳಲ್ಲಿ ವರ್ಷಗಟ್ಟಲೆ ನುಡಿಸಿ ಒಪ್ಪಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ನುಡಿಸಿದ ಅವರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಹೋದರು. ಮ್ಯಾಂಡೊಲಿನ್ ಶ್ರೀನಿವಾಸರೂ ಹಾಗೆಯೇ ಎಳೆಯ ವಯಸ್ಸಿನಲ್ಲಿ ಸಭೆಯ ಎದುರು ಕೂತು ವಿದ್ಯುತ್ ಮ್ಯಾಂಡೊಲಿನ್ನನ್ನು ನಮ್ಮದಾಗಿಸಿದರು. ಪಕ್ಕದಲ್ಲಿ ಮೃದಂಗವಿತ್ತು, ಪಿಟೀಲಿತ್ತು, ತಲೆದೂಗುವ ಹಿರಿಯರಿದ್ದರು. ಕೇಳುಗ ಅನುಮಾನದಿಂದ ಬಂದರೂ ಕಲಾವಿದನ ಬೆರಳನ್ನು, ಉಸಿರನ್ನು ಕಣ್ಣಾರೆ ಕಂಡು ನಂಬಿ ಹೋಗುತ್ತಿದ್ದ.

ಸಿಂಗ್ ಅವರ ಹತ್ತು ರಾಗಗಳಿಗೆ ಅಂಥ ವೇದಿಕೆ ಸಿಗಲಿಲ್ಲ. ಎಲ್‌ಪಿಯೊಂದು ಅಂಗಡಿಯ ಅಟ್ಟಕ್ಕೆ ಬಂತು, ಅಲ್ಲೇ ಉಳಿಯಿತು. ಕೊನೆಗೂ ವೇದಿಕೆ ಸಿಕ್ಕಿದ್ದು ಮರುಮುದ್ರಣದ ಬಳಿಕ ಯುರೋಪಿನಲ್ಲಿ, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಎದುರಿಗಿದ್ದ ಯುವಕರು ಉತ್ಸಾಹದಿಂದ ಕುಣಿದರು, ಅದು ಸಿಂಗ್ ಅವರಿಗೆ ಸಲ್ಲಬೇಕಾದ ಗೌರವವೇ ಹೌದು. ಆದರೆ ಆ ಸಭೆಯಲ್ಲಿ ಮಧುವಂತಿಯ ತೀವ್ರ ಮಧ್ಯಮಕ್ಕೆ ಆಹಾ ಎನ್ನುವವರು ಎಷ್ಟು ಮಂದಿ ಇದ್ದಿರಬಹುದು? 2015ರ ಜುಲೈಯಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ರಾಗ ಬಲ್ಲ ಸಭೆಯೊಂದು ಅವರ ಎದುರು ಕೂತು ಇದನ್ನು ಒಪ್ಪಿಯೋ ತಿರಸ್ಕರಿಸಿಯೋ ವಿಚಾರ ಮಾಡಲೇ ಇಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ನೀರ್ಚಾಲಿನ ಟೀಚರ್ ಮೇಲೆ ಬರೆದಂಥ ಆಕ್ಷೇಪ 1982ರಲ್ಲಿ ಯಾವುದಾದರೂ ಪತ್ರಿಕೆಯಲ್ಲಿ ಬಂದಿದ್ದರೆ ಅದೇ ದೊಡ್ಡ ಮನ್ನಣೆಯಾಗುತ್ತಿತ್ತು.

ಉತ್ತರ: ನೀರ್ಚಾಲಿನ ಟೀಚರ್

ಹಿರಿಯರ ಮಾತು ಮನಸ್ಸಿಗೆ ತಟ್ಟಿತು. ಸ್ಟುಡಿಯೋದ ಅಣ್ಣ ಹೇಳಿದಂತೆ ಲಯವನ್ನು ಶ್ರುತಿಯಾಗಿ ಇಟ್ಟುಕೊಂಡು ಮತ್ತೊಮ್ಮೆ ಕೇಳಿದೆ. ಯಮನ್ ಮತ್ತು ಮೇಘ ಮಲ್ಹಾರದಲ್ಲಿ ಅದು ಸರಿ ಹೊಂದುತ್ತದೆ. ಕಲಾವತಿಯಲ್ಲಿ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಕೆಳಗಿನ ಓಟವೇ ರಾಗದ ಸ್ವರಗಳನ್ನು ಅತಿಯಾಗಿ ಹೇಳಿಬಿಡುತ್ತದೆ, ಮೇಲೆ ನುಡಿಸುವವರಿಗೆ ಬಿಡಿಸಿ ಹೇಳಲು ಏನೂ ಉಳಿಯುವುದಿಲ್ಲ. ತಂಬೂರಿ ಷಡ್ಜ ಪಂಚಮಗಳನ್ನು ಮಾತ್ರ ಹಿಡಿದು ಉಳಿದದ್ದನ್ನು ಗಾಯಕನಿಗೆ ಬಿಡುತ್ತದೆ. 303 ಅಷ್ಟು ಸಂಯಮ ತೋರುವುದಿಲ್ಲ. ಆದ್ದರಿಂದ ನನ್ನ ಆಕ್ಷೇಪವನ್ನು ಪೂರ್ತಿ ಹಿಂತೆಗೆದುಕೊಳ್ಳಲಾರೆ, ರಾಗದಿಂದ ರಾಗಕ್ಕೆ ತೂಕ ಬೇರೆಯೆಂದು ಹೇಳುತ್ತೇನೆ.

ಕೂಟದಲ್ಲಿ ಹತ್ತನ್ನೂ ಕೇಳಿಸಬೇಡಿ ಎಂಬುದು ನನ್ನ ಸಲಹೆ. ಮಾಲ್‌ಕೌಂಸ್, ಲಲಿತ್, ಮೇಘ ಮಲ್ಹಾರ ಸಾಕು. ಮಾಲ್‌ಕೌಂಸ್‌ಗೆ ಮೊದಲು ಯಾರಾದರೂ ಹಿಂದೋಳವನ್ನು ಎರಡು ನಿಮಿಷ ಆಲಾಪನೆ ಮಾಡಲಿ. ಬೇಕಾದರೆ ನಾನೇ ಬಂದು ಹಾಡುತ್ತೇನೆ.

ಉತ್ತರ: ಕಾಸರಗೋಡಿನ ಧ್ವನಿಮುದ್ರಕ

ಕಲಾವತಿಯ ಬಗ್ಗೆ ಟೀಚರ್ ಹೇಳಿದ್ದು ಸರಿ, ನಾನು ಅದನ್ನು ಗಮನಿಸಿರಲಿಲ್ಲ.

ಕೃತ್ರಿಮವೆಂಬ ಅನುಮಾನದ ವಿಷಯ ಬಾಕಿಯಿದೆ. ಆ ಅನುಮಾನದಲ್ಲಿ ನನಗೆ ಬೇಸರ ತರುವ ಅಂಶವೊಂದಿದೆ: ಮುಂಬಯಿಯ ಚಿತ್ರಸಂಗೀತದ ವಾದಕನೊಬ್ಬ 1982ರಲ್ಲಿ ಇಂಥದ್ದನ್ನು ಮಾಡಿರಲಾರ ಎಂಬ ಪೂರ್ವಗ್ರಹ ಅದರ ಬುಡದಲ್ಲಿತ್ತು. ನಮ್ಮಲ್ಲಿ ಎಲೆಕ್ಟ್ರಾನಿಕ್ ಧ್ವನಿಯ ಚರಿತ್ರೆ ಗೊತ್ತಿದ್ದರೆ ಹಾಗನಿಸುತ್ತಿರಲಿಲ್ಲ. 1954ರ ‘ನಾಗಿನ್’ ಚಿತ್ರದ ಪುಂಗಿಯ ನಾದ ಪುಂಗಿಯದ್ದಲ್ಲ, ಕಲ್ಯಾಣ್‌ಜಿ ಅವರು ಕ್ಲಾವಿಯೋಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ನುಡಿಸಿದ್ದು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಗೀತಾ ಸಾರಾಭಾಯಿಯವರ ಆಸಕ್ತಿಯಿಂದ, ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ, ಮೂಗ್ ಸಿಂಥಸೈಸರ್ ಇದ್ದ ಸ್ಟುಡಿಯೋ ಸ್ಥಾಪನೆಯಾಗಿತ್ತು. ಅಲ್ಲಿ 1972ರವರೆಗೆ ನಮ್ಮವರು ಮಾಡಿದ ಪ್ರಯೋಗಗಳ ಟೇಪುಗಳನ್ನು ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದರು ಶೋಧಿಸಿದ ಬಳಿಕ 2023ರಲ್ಲಿ ಅವು ಆಲ್ಬಂ ಆಗಿ ಹೊರಬಂದವು. ಅವನ್ನೂ ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಚಿತ್ರಗಳ ವಾದ್ಯವೃಂದಕ್ಕೆ ಪ್ರತಿ ವಾರ ಹೊಸ ನಾದ ಬೇಕಿತ್ತು, ಅದನ್ನು ಒದಗಿಸಬಲ್ಲ ವಾದಕನಿಗೆ ಕೆಲಸ ಖಚಿತವಿತ್ತು. ಸಿಂಗ್ ಅವರಂಥವರು ಸಿಂಗಾಪುರದವರೆಗೆ ಹೋಗಿ ದುಬಾರಿ ಯಂತ್ರ ಕೊಂಡು ತಂದದ್ದರಲ್ಲಿ ಆಶ್ಚರ್ಯವಿಲ್ಲ.

ಆಸಿಡ್ ಹೌಸಿನ ಪೂರ್ವಜ ಎಂಬ ಬಿರುದನ್ನೂ ಎಚ್ಚರದಿಂದ ಬಳಸಬೇಕು. ಶಿಕಾಗೋದ ಫ್ಯೂಚರ್ ತಂಡದವರು ‘ಆಸಿಡ್ ಟ್ರ್ಯಾಕ್ಸ್’ ಮಾಡುವ ಹೊತ್ತಿಗೆ 303 ತಯಾರಿಕೆ ನಿಂತ, ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುವ ಯಂತ್ರವಾಗಿತ್ತು. ಅವರು ಅದರ ಫಿಲ್ಟರಿನ, ಅಂದರೆ ನಾದದ ಬಣ್ಣ ಬದಲಿಸುವ, ಗುಂಡಿಗಳನ್ನು ತಿರುಗಿಸುತ್ತ ಹೋದದ್ದೇ ಅಲ್ಲಿ ಸಂಗೀತವಾಯಿತು, ಸ್ವರ ಯಾವುದೆಂಬುದು ಮುಖ್ಯವಾಗಲಿಲ್ಲ. ಸಿಂಗ್ ಅವರಲ್ಲಿ ಯಂತ್ರದ ಕಂಠ ಅದೇ ಆದರೂ ಕೆಲಸ ಬೇರೆ. ಅವರಿಗೆ ಸ್ವರ ಯಾವುದೆಂಬುದೇ ಮುಖ್ಯ, ಯಂತ್ರವನ್ನು ತಯಾರಿಸಿದವರು ಹೇಳಿದಂತೆ ಒಬ್ಬ ವಾದಕನಿಗೆ ಪಕ್ಕವಾದ್ಯವಾಗಿಯೇ ಅವರು ಅದನ್ನು ಇಟ್ಟುಕೊಂಡರು. ಶಿಕಾಗೋದವರು ಇವರನ್ನು ಕೇಳಿದ್ದರೆಂಬುದಕ್ಕೆ ಆಧಾರವಿಲ್ಲ. ಚಿತ್ರಗಳಲ್ಲಿ ಡಿಸ್ಕೋ ತುಂಬಿಹೋಗಿತ್ತು, ತಬಲವನ್ನು ಬಿಟ್ಟು ಆ ಲಯದ ಮೇಲೆ ರಾಗಗಳನ್ನು ನುಡಿಸೋಣವೆಂದು ಹೊಳೆಯಿತು ಎಂದಷ್ಟೇ ಸಿಂಗ್ ಅವರು ಮುಂದೆ ಸಂದರ್ಶನದಲ್ಲಿ ಹೇಳಿದ್ದು. ಯುವಕರು ಕೇಳಿದರೆ 1982ರದ್ದನ್ನೂ 1987ರದ್ದನ್ನೂ ಒಂದೊಂದು ನಿಮಿಷ ಒಂದರ ಹಿಂದೆ ಒಂದಾಗಿ ಹಾಕಿ, ಸಾಮ್ಯವೂ ಭೇದವೂ ಕೂಡಲೇ ಗೊತ್ತಾಗುತ್ತದೆ.

ಮೊಬೈಲಿನ ಸ್ಪೀಕರಿನಲ್ಲಾಗಲಿ ವಾಚನಾಲಯದ ಮೈಕ್ ಸೆಟ್ಟಿನಲ್ಲಾಗಲಿ ಇದನ್ನು ಕೇಳಿಸಬೇಡಿ. ಮಂದ್ರದ ಓಟವೇ ಮಾಯವಾಗಿ ಮೇಲಿನ ಸ್ವರ ಮಾತ್ರ ಉಳಿಯುತ್ತದೆ, ಆಗ ಟೀಚರ್ ಮತ್ತು ನಾನು ಚರ್ಚಿಸಿದ್ದು ಯಾರಿಗೂ ತಿಳಿಯದು. ದಿನ ತಿಳಿಸಿ, ಸ್ಟುಡಿಯೋದ ಎರಡು ಸ್ಪೀಕರುಗಳನ್ನು ನಾನು ತರುತ್ತೇನೆ.